ಲೆಕ್ಕಕ್ಕೆ ಸೇರದ ರಕ್ತ

ಹೈದರಾಬಾದ್
29 ಜನವರಿ 2023

ಪ್ರೀತಿಯ ಅತ್ತಿಗೆ,

ಟ್ಯೂಬುಗಳು ಒಂದೂ ಒಡೆಯದೆ ಬಂದು ಸೇರಿದವು. ರೈಲಿನಲ್ಲಿ ಪಕ್ಕದವರು ಡಬ್ಬದೊಳಗೆ ಮದ್ದೂರು ವಡೆ ಇದೆ ಅಂದುಕೊಂಡು ದಾರಿಯುದ್ದಕ್ಕೂ ಆಸೆಯಿಂದ ನೋಡುತ್ತಿದ್ದರು. ನಮ್ಮ ಬೀದಿಯ ಹೆಂಗಸರ ರಕ್ತ ಅಂದಿದ್ದರೆ ಬೋಗಿಯೇ ಖಾಲಿಯಾಗುತ್ತಿತ್ತು.

ನೀವಿಲ್ಲದಿದ್ದರೆ ನನಗೆ ನಾಲ್ಕು ಜನವೂ ಸಿಗುತ್ತಿರಲಿಲ್ಲ. ಇಲ್ಲಿ ರಕ್ತ ಕೇಳಿದರೆ ಕೈ ಚಾಚುವವರೆಲ್ಲ ಕಾಲೇಜು ಹುಡುಗರು. ನಾನು ಪರೀಕ್ಷೆ ಮಾಡುತ್ತಿರುವ ರೋಗಿಗಳೋ ನಲವತ್ತು ದಾಟಿದ ಹೆಂಗಸರು. ಅದೇ ವಯಸ್ಸಿನ, ಕಾಯಿಲೆಯಿಲ್ಲದ ಹೆಂಗಸರ ರಕ್ತದ ಜೊತೆ ಹೋಲಿಸಿ ತೋರಿಸಿದರೆ ಮಾತ್ರ ನನ್ನ ಚಿಪ್‌ಗೆ ಬೆಲೆ.

ಅವತ್ತು ರಕ್ತ ತೆಗೆಯುವ ಕ್ಯಾಂಪಿನಲ್ಲಿ, ಸಮುದಾಯ ಭವನದ ಗದ್ದಲದಲ್ಲಿ, ಚಿಪ್ ಅಂದರೇನು ಅಂತ ನಿಮಗೆ ಸರಿಯಾಗಿ ಹೇಳಲಿಲ್ಲ. ಬೆರಳಗಲದ ಒಂದು ಬಿಲ್ಲೆ, ಗಾಜಿನ ಹಾಗಿರುತ್ತದೆ. ಅದರೊಳಗೆ ಕೂದಲಿಗಿಂತ ಸಣ್ಣ ನಾಲೆಗಳು, ನಾಲೆಯೊಳಗೆ ಸಾಲು ಕಂಬಗಳು. ರಕ್ತ ಹರಿಸಿದರೆ ಅದರ ಕಣಗಳೆಲ್ಲ ನುಸುಳಿಕೊಂಡು ಹೋಗುತ್ತವೆ. ಕ್ಯಾನ್ಸರ್ ಗಡ್ಡೆಯಿಂದ ಕಳಚಿಕೊಂಡು ಬಂದ ಕಣವಿದ್ದರೆ ಅದು ದಪ್ಪ, ಕಂಬಗಳ ನಡುವೆ ಸಿಕ್ಕಿಕೊಳ್ಳುತ್ತದೆ. ತೂಬಿನ ಬಾಯಿಗೆ ಕಬ್ಬಿನ ಸೋಗೆ ಸಿಕ್ಕಿಕೊಳ್ಳುವುದಿಲ್ಲವೇ, ಹಾಗೆ. ರೋಗಿಗಳ ರಕ್ತದಲ್ಲಿ ಸಿಕ್ಕಬೇಕು, ನಿಮ್ಮೆಲ್ಲರ ರಕ್ತದಲ್ಲಿ ಸಿಕ್ಕಬಾರದು. ಇಷ್ಟು ವರ್ಷ ನಾನು ಓದಿದ್ದು, ನಿದ್ದೆಗೆಟ್ಟಿದ್ದು ಎಲ್ಲ ಇದಕ್ಕೇ.

ಯಾರ ಹೆಸರೂ ನನಗೆ ಬರುವುದಿಲ್ಲ. ಹೆಸರೆಲ್ಲ ಮದ್ದೂರಿನ ಡಾಕ್ಟರ್ ವೀಣ ಅವರ ಹತ್ತಿರ. ನನಗೆ ನಂಬರು, ವಯಸ್ಸು ಅಷ್ಟೇ.

ಅವ್ವನೂ ಕೊಟ್ಟಳಂತೆ! ಅವತ್ತು ಸಂಜೆ ವೀಣ ಅವರು ಹೇಳಿದಾಗ ನಂಬಲಾಗಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿದಾಗ ಪಿನ್ನು ತಂದರೆ ಊರು ಬಿಡುತ್ತಿದ್ದವಳು. ಅದೇನು ಮಂತ್ರ ಹಾಕಿದಿರಿ ಬರೆಯಿರಿ.

ನಿಮ್ಮ
ಶಾಲಿನಿ


ವೈದ್ಯನಾಥಪುರ
12 ಫೆಬ್ರವರಿ 2023

ಶಾಲು, ಜೈ ಭೀಮ್.

ನಿನ್ನ ಕಾಗದ ಬಂದಾಗ ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುತ್ತಿದ್ದೆ. ಪೋಸ್ಟಿನ ಸಿದ್ದರಾಮು ಕವರನ್ನು ತಕ್ಕಡಿಗೆ ಹಾಕಿ, "ಇದ್ನೂ ತೂಕ ನೋಡಕ್ಕೋ, ನಿನ್ ನಾದ್ನಿ ಕೂಸು" ಅಂದ. ಊರಲ್ಲಿ ಕಾಗದ ಬರೆಯುವವರು ನಾವು ಮಾತ್ರವೇ ಉಳಿದಿದ್ದೇವಂತೆ. ಏನು ಮಾಡುವುದು, ನಮ್ಮ ಮನೆಯ ಫೋನು ನಿನಗೆ ಗೊತ್ತಲ್ಲ. ಅತ್ತೆಗೆ ಕಿವಿ ಮಂದ ಅಂತ ಸ್ಪೀಕರ್ ಹಾಕಿದರೆ ಬೀದಿಗೆಲ್ಲ ಕೇಳಿಸುತ್ತದೆ. ನೀನು ಹಾಸ್ಟೆಲಿಗೆ ಸೇರಿದಾಗಿನಿಂದ ನಮ್ಮ ಗುಟ್ಟೆಲ್ಲ ಕಾಗದದಲ್ಲೇ ನಡೆದಿದೆ, ಹಾಗೇ ನಡೆಯಲಿ.

ರಕ್ತದ ಕ್ಯಾಂಪಿನ ಮಾತು ಇನ್ನೂ ನಿಂತಿಲ್ಲ. ಎದುರುಮನೆಯ ರೇವಮ್ಮ ಜಗಲಿಯ ಮೇಲೆ ಕೂತು, "ಒಂದ್ ಕಾಲ್ದಲ್ಲಿ ನಮ್ ಕೈ ನೀರೇ ಮುಟ್ತಿರ್ನಿಲ್ಲ ಕಣಮ್ಮಿ. ಈಗ ನೋಡು, ನಮ್ ರಕ್ತ ರೈಲತ್ಕೊಂಡು ಐದ್ರಾಬಾದ್ಗೆ ಓಯ್ತದೆ" ಅಂತ ದಿನಾ ಹೇಳಿ ನಗುತ್ತಾಳೆ. ನಿನಗೆ ಅಂತ ಕೊಟ್ಟರು ಶಾಲು. ಬೇರೆ ಯಾರಾದರೂ ಸೂಜಿ ಹಿಡಿದು ಬಂದಿದ್ದರೆ ಪೊರಕೆ ತೆಗೆಯುತ್ತಿದ್ದರು. ಮೊದಲ ಸಲ ನಮ್ಮ ಬೀದಿಯ ಹೆಣ್ಣುಮಗಳು ಡಾಕ್ಟರೇಟ್ ಮಾಡಿದ್ದಾಳೆ, ಅವಳು ಕೇಳಿದ್ದನ್ನು ಇಲ್ಲ ಅನ್ನುವುದು ಹೇಗೆ ಅಂತ ಎಲ್ಲರಿಗೂ.

ಅತ್ತೆಯ ಧೈರ್ಯದ ವಿಷಯ ಬಿಡು, ಬಂದಾಗ ಹೇಳುತ್ತೇನೆ. ನಿನಗೆ ಬೇಕಾದಷ್ಟು ಜನ ಆಯಿತಲ್ಲ, ಅದು ಮುಖ್ಯ.

ಒಂದು ಮಾತು ಕೇಳಬೇಕಿತ್ತು. ನಮ್ಮಲ್ಲಿ ಯಾರ ರಕ್ತದಲ್ಲಾದರೂ ಆ ಕಾಯಿಲೆಯ ಕಣ ಸಿಕ್ಕಿದರೆ ನೀನು ಹೇಳುತ್ತೀಯಾ? ಹೇಳಬಾರದು ಅಂತ ರೂಲ್ಸು ಇದೆಯಾ? ಸುಮ್ಮನೆ ಕೇಳಿದೆ. ಹೆಂಗಸರು ಕೇಳುತ್ತಿರುತ್ತಾರೆ, ನನಗೆ ಹೇಳಲು ಬರುವುದಿಲ್ಲ. ಇದಕ್ಕೆ ಮಾತ್ರ ಬೇಗ ಬರಿ.

ನಿಮ್ಮಣ್ಣನಿಗೆ ಸೋಮನಹಳ್ಳಿ ಫ್ಯಾಕ್ಟರಿಯಲ್ಲಿ ಶಿಫ್ಟ್ ಬದಲಾಗಿದೆ. ಬೆಳಿಗ್ಗೆ ನಾನು ಏಳುವ ಮೊದಲೇ ಹೊರಟಿರುತ್ತಾರೆ.

ನಿನ್ನ ಅತ್ತಿಗೆ
ಶಶಿರೇಖಾ


ಹೈದರಾಬಾದ್
9 ಏಪ್ರಿಲ್ 2023

ಅತ್ತಿಗೆ,

ಬೇಗ ಬರಿ ಅಂದವರಿಗೆ ಇಷ್ಟು ತಡ ಮಾಡಿದೆ, ಬೈಯಿರಿ. ಆದರೆ ಸಿಹಿಸುದ್ದಿ ತಂದಿದ್ದೇನೆ. ರೋಗಿಗಳ ರಕ್ತದಲ್ಲಿ ಕಣಗಳು ಸಿಕ್ಕವು, ನಮ್ಮೂರಿನವರ ರಕ್ತದಲ್ಲಿ ಸೊನ್ನೆ! ಹಾಳೆಯ ಒಂದು ಕಡೆ ಚುಕ್ಕೆಗಳ ರಾಶಿ, ಇನ್ನೊಂದು ಕಡೆ ಬರೀ ಸೊನ್ನೆಯ ಸಾಲು. ಲ್ಯಾಬಿನ ಮುಖ್ಯಸ್ಥರು ರಾಜೇಂದ್ರ ಸರ್ ಅದನ್ನು ಗೋಡೆಗೆ ಅಂಟಿಸಿದ್ದಾರೆ. ಹೋಗುವವರು ಬರುವವರು ನಿಂತು ನೋಡುತ್ತಾರೆ, ನಾನು ಕಾಣದವಳ ಹಾಗೆ ನಡೆದು ಹೋಗುತ್ತೇನೆ.

ನಮ್ಮೂರಿನ ಎರಡು ಟ್ಯೂಬು ಮಾತ್ರ ತಲೆ ತಿಂದವು. ಯಂತ್ರದಲ್ಲಿ ಏನೋ ಎಡವಟ್ಟು. ಅವನ್ನು ಲೆಕ್ಕದಿಂದ ಬಿಟ್ಟೆವು. ಲ್ಯಾಬಿನಲ್ಲಿ ಇದೆಲ್ಲ ಮಾಮೂಲು.

ನೀವು ಕೇಳಿದ್ದಕ್ಕೆ: ಏನಾದರೂ ಸಿಕ್ಕಿದರೆ ಆ ನಂಬರನ್ನು ಡಾಕ್ಟರ್ ವೀಣ ಅವರಿಗೆ ತಿಳಿಸಬೇಕು, ಅವರು ಆ ಹೆಂಗಸನ್ನು ಕರೆಸಿ ಪರೀಕ್ಷೆ ಮಾಡಿಸುತ್ತಾರೆ. ಅಂಥ ರೂಲ್ಸೇ ಇದೆ. ಆದರೆ ಆ ತಾಪತ್ರಯವೇ ಬರಲಿಲ್ಲ. ನಮ್ಮ ಬೀದಿಯ ಹೆಂಗಸರೆಲ್ಲ ಗಟ್ಟಿಗಿತ್ತಿಯರು, ಯಾರಿಗೂ ಏನೂ ಇಲ್ಲ ಅಂತ ಹೇಳಿಬಿಡಿ.

ಇನ್ನು ಲೇಖನ ಬರೆಯುವ ಕೆಲಸ. ಅದು ಒಳ್ಳೆಯ ಕಡೆ ಅಚ್ಚಾದರೆ ಇಲ್ಲಿ ನನ್ನ ಕೆಲಸ ಕಾಯಂ ಆಗುತ್ತದೆ.

ನಿಮ್ಮ
ಶಾಲಿನಿ


ವೈದ್ಯನಾಥಪುರ
7 ಮೇ 2023

ಶಾಲು, ಜೈ ಭೀಮ್.

ನಿನ್ನ ಕಾಗದ ಓದಿ ಕಣ್ಣಲ್ಲಿ ನೀರು ಬಂತು. ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಸಂತೋಷಕ್ಕೆ, ಮತ್ತೇನಿಲ್ಲ. ಮೊನ್ನೆ ಬುದ್ಧ ಪೂರ್ಣಿಮೆಗೆ ಪಾಯಸ ಮಾಡಿ, ಅದನ್ನು ಕೊಡುವ ನೆಪದಲ್ಲಿ ಮನೆಮನೆಗೆ ಹೋಗಿ ಹೇಳಿದೆ: ನಮ್ಮ ಶಾಲಿನಿ ಯಂತ್ರದಲ್ಲಿ ನೋಡಿದ್ದಾಳೆ, ಯಾರಿಗೂ ಏನೂ ಇಲ್ಲ. ರೇವಮ್ಮ, "ಅಂಗಾರೆ ಇನ್ನೂ ಇಪ್ಪತ್ತೊರ್ಸ ಎಲಡ್ಕೆ ಆಕೋಬೋದು ಬುಡು" ಅಂದಳು. ಯಾಕೋ ಈ ಸಲದ ಪಾಯಸ ಬಹಳ ರುಚಿಯಾಗಿತ್ತು ಅಂತ ನಿಮ್ಮಣ್ಣನೂ ಹೇಳಿದರು. ನಾನು ಈ ನಾಲ್ಕು ತಿಂಗಳು ಸರಿಯಾಗಿ ಉಪ್ಪುಖಾರ ಹಾಕಿ ಅಡುಗೆ ಮಾಡಿರಲಿಲ್ಲ ಅಂತ ಅವರ ಆಕ್ಷೇಪ.

ಆ ಎರಡು ಟ್ಯೂಬು ಯಾರದು ಅಂತ ನಿನಗೆ ಗೊತ್ತಾಗುತ್ತದಾ? ರಕ್ತ ಕೊಡುವಾಗ ಯಾರಾದರೂ ತಪ್ಪು ಮಾಡಿದ್ದರೆ ಹಾಗೆ ಕೆಡುತ್ತದಾ? ಯಾರಿಂದಲಾದರೂ ನಿನಗೆ ತೊಂದರೆ ಆಯಿತಾ ಅಂತ ಮನಸ್ಸಿಗೆ ಒಂದೇ ಸಮನೆ ಬರುತ್ತಿದೆ.

ಶಶಿರೇಖಾ


ಹೈದರಾಬಾದ್
21 ಮೇ 2023

ಅತ್ತಿಗೆ,

ನೀವೊಬ್ಬರು! ಊರಿನವರೆಲ್ಲರ ಚಿಂತೆ ನಿಮಗೇ. ಕೊಟ್ಟವರ ತಪ್ಪೂ ಅಲ್ಲ, ರಕ್ತದ ತಪ್ಪೂ ಅಲ್ಲ, ಯಂತ್ರದ್ದು. ಯಾರದು ಅಂತ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಆ ಎರಡು ಟ್ಯೂಬನ್ನು ಮರೆತುಬಿಡಿ, ನಾನಂತೂ ಮರೆತಿದ್ದೇನೆ.

ಲೇಖನ ಕಳಿಸಿಯಾಯಿತು. ಉತ್ತರ ಬಂತಾ ಅಂತ ಗಂಟೆಗೊಮ್ಮೆ ನೋಡುತ್ತಿದ್ದೇನೆ.

ಶಾಲಿನಿ


ವೈದ್ಯನಾಥಪುರ
4 ಫೆಬ್ರವರಿ 2024

ಶಾಲು, ಜೈ ಭೀಮ್.

ಲೇಖನ ಅಚ್ಚಾದದ್ದಕ್ಕೆ ಮಂಡ್ಯದಲ್ಲಿ ಸನ್ಮಾನ ಮಾಡಿ ನಿನಗೆ ಪೇಟ ತೊಡಿಸಿದರಲ್ಲ, ಆ ಫೋಟೋಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೇವೆ, ಬಾಬಾಸಾಹೇಬರ ಫೋಟೋದ ಕೆಳಗೆ. ಅತ್ತೆ ಬಂದವರಿಗೆಲ್ಲ, "ನನ್ ರಕ್ತನೂ ಅದ್ರಾಗದೆ" ಅಂತ ಹೇಳುತ್ತಾರೆ, ನನಗೆ ಒಳಗೊಳಗೇ ನಗು. ಪೇಪರಿನವರು ನಿನ್ನ ಹೆಸರಿನ ಕೆಳಗೆ ಒಂದು ಹನಿ ರಕ್ತದಲ್ಲಿ ಕ್ಯಾನ್ಸರ್ ಪತ್ತೆ ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ. ಒಂದು ಹನಿಯಲ್ಲ, ಒಂದು ಟ್ಯೂಬು ಅಂತ ನಾನು ರೇವಮ್ಮನಿಗೆ ತಿದ್ದಿ ಹೇಳಿದೆ. ನೀನು ಅವತ್ತು ಬಂದೆ, ಅವತ್ತೇ ಹೊರಟೆ. ಮಾತಾಡಲು ಆಗಲಿಲ್ಲ.

ನನಗೆ ಎಡಗೈ ಸ್ವಲ್ಪ ಊದಿಕೊಂಡಿದೆ, ಕಂಕುಳಲ್ಲಿ ಎಳೆತ. ರಾಗಿ ಕಣದಲ್ಲಿ ಮೂಟೆ ಎತ್ತಿ ಇಳಿಸಿ ಮಾಡಿದ್ದಕ್ಕೆ ಅನ್ನಿಸುತ್ತದೆ. ಬೇರೆ ಏನೂ ಇರಲಾರದು. ನನ್ನ ರಕ್ತ ನೀನೇ ನೋಡಿದ್ದೀಯಲ್ಲ.

ಶಶಿರೇಖಾ


ಹೈದರಾಬಾದ್
10 ಮಾರ್ಚ್ 2024

ಅತ್ತಿಗೆ,

ಕೆಲಸ ಕಾಯಂ ಆಯಿತು! ಮುಂದಿನ ತಿಂಗಳು ಸ್ವಿಟ್ಜರ್ಲೆಂಡಿನಲ್ಲಿ ಒಂದು ಸಮ್ಮೇಳನ, ಅಲ್ಲಿ ಮಾತಾಡಲು ಕರೆದಿದ್ದಾರೆ. ಚಳಿಗೆ ಕೋಟು ಕೊಂಡಿದ್ದೇನೆ, ಹಾಕಿಕೊಂಡರೆ ಗುರುತೇ ಸಿಗುವುದಿಲ್ಲ.

ಕೈನೋವಿಗೆ ಬಿಸಿನೀರಿನ ಶಾಖ ಕೊಡಿ, ಭಾರ ಎತ್ತಬೇಡಿ. ವಯಸ್ಸಾಗುತ್ತಿದೆ ನಿಮಗೂ!

ಶಾಲಿನಿ


ಮೈಸೂರು, ಆಸ್ಪತ್ರೆ
6 ಜುಲೈ 2024

ಶಾಲು,

ನೀನು ಓಡಿ ಬಂದು, ಹಾಸಿಗೆಯ ಪಕ್ಕ ಕೂತು, ರಿಪೋರ್ಟೆಲ್ಲ ಓದಿ ಹೋದೆ. ಆವಾಗ ಹೇಳಬೇಕು ಅಂತ ಬಾಯಿ ತೆರೆದೆ, ನಿಮ್ಮಣ್ಣ ಇದ್ದರು. ಅವರು ಕಾಫಿಗೆ ಹೋದಾಗ ನೀನು ಅಳುತ್ತಿದ್ದೆ. ಹಾಗಾಗಿ ಬರೆಯುತ್ತಿದ್ದೇನೆ.

ಎದೆಯಲ್ಲಿನ ಆ ಗಂಟು ಹೊಸದಲ್ಲ. ನಿನ್ನ ಕ್ಯಾಂಪಿಗೆ ಸ್ವಲ್ಪ ಮುಂಚೆ ಸ್ನಾನ ಮಾಡುವಾಗ ಕೈಗೆ ಸಿಕ್ಕಿತ್ತು. ಯಾರಿಗೂ ಹೇಳಲಿಲ್ಲ. ಎಂಥ ನಾಚಿಕೆಗೇಡು ನೋಡು, ಗಂಟು ಕಂಡರೆ ತೋರಿಸಿಕೊಳ್ಳಿ, ಮುಚ್ಚಿಡಬೇಡಿ ಅಂತ ಅಂಗನವಾಡಿಯಲ್ಲಿ ಹೆಂಗಸರನ್ನು ಕೂರಿಸಿಕೊಂಡು ಹೇಳುವವಳು ನಾನೇ. ಬೇರೆಯವರಿಗೆ ಹೇಳಲು ಬಾಯಿ ಇತ್ತು. ಡಾಕ್ಟರ ಮುಂದೆ ರವಿಕೆ ಬಿಚ್ಚಬೇಕಲ್ಲ ಅನ್ನುವಾಗ ನನ್ನ ಕಾಲೇ ಏಳಲಿಲ್ಲ. ಅಷ್ಟರಲ್ಲಿ ನೀನು ರಕ್ತ ಕೇಳಿದೆ. ಇದೇ ಆಗಲಿ, ಯಾರಿಗೂ ತಿಳಿಯದ ಹಾಗೆ ನನ್ನದೂ ಗೊತ್ತಾಗಿಬಿಡುತ್ತದೆ ಅಂತ ಕೈ ಕೊಟ್ಟೆ. ನೀನು ಏನೂ ಇಲ್ಲ ಅಂತ ಬರೆದೆ. ಗಂಟು ಇದ್ದರೂ ಅದು ಬರೀ ಗಂಟು ಅಂತ ನೆಮ್ಮದಿಯಾದೆ. ನಿನ್ನ ಯಂತ್ರದ ತಪ್ಪು ಅನ್ನುತ್ತಿಲ್ಲ. ನನ್ನ ಕಣ ಹೇಗೋ ತಪ್ಪಿಸಿಕೊಂಡಿರಬೇಕು, ನಾನೇ ಕಳ್ಳಿ, ನನ್ನ ರಕ್ತವೂ ಕಳ್ಳ.

ಕಳ್ಳಿ ಅಂತ ಯಾಕಂದೆ ಅಂದರೆ, ಇನ್ನೊಂದಿದೆ. ಅವತ್ತು ಅತ್ತೆ ರಕ್ತ ಕೊಡಲೇ ಇಲ್ಲ. ಬೆಳಿಗ್ಗೆ ಹೂಂ ಅಂದವರು ಊಟದ ಹೊತ್ತಿಗೆ ಹಿತ್ತಲ ಬಾಗಿಲಿಂದ ಮದ್ದೂರು ಸಂತೆಗೆ ಹೋಗಿಬಿಟ್ಟಿದ್ದರು. ನಿನಗೆ ಒಬ್ಬರು ಕಡಿಮೆಯಾಗುತ್ತಿದ್ದರು. ನನ್ನದು ಬೆಳಿಗ್ಗೆಯೇ ಆಗಿತ್ತು. ಮಧ್ಯಾಹ್ನ ಬೇರೆ ನರ್ಸ್ ಬಂದಿದ್ದಳು, ನೀನು ಮೊದಲನೇ ಡಬ್ಬ ತೆಗೆದುಕೊಂಡು ಮದ್ದೂರಿಗೆ ಹೋಗಿದ್ದೆ. ತಲೆತುಂಬ ಸೆರಗು ಹೊದ್ದು, ಮಾಯಮ್ಮ, ಅರವತ್ತೆಂಟು ಅಂತ ಹೇಳಿ ಇನ್ನೊಂದು ಕೈ ಚಾಚಿದೆ. ಅವಳು ನರ ನೋಡಿದಳು, ಮುಖ ನೋಡಲಿಲ್ಲ.

ಮೋಸ ಅಂತ ಆಗ ಅನ್ನಿಸಲಿಲ್ಲ ಶಾಲು. ನಮ್ಮಲ್ಲಿ ಒಬ್ಬರ ಗದ್ದೆಗೊಬ್ಬರು ಮುಯ್ಯಾಳು ಹೋಗುವಾಗ ಅತ್ತೆಯ ಬದಲು ಸೊಸೆ ಹೋಗಿ ನಾಟಿ ಹಾಕಿ ಬಂದರೆ ಯಾರಾದರೂ ಕೇಳುತ್ತಾರಾ? ಮನೆಯಿಂದ ಒಂದು ಆಳು ಬಂತು ಅಂದರೆ ಮುಗಿಯಿತು. ರಕ್ತವೂ ಹಾಗೇ ಅಂದುಕೊಂಡೆ. ಆಮೇಲೆ ನೀನು ಎರಡು ಟ್ಯೂಬು ಕೆಟ್ಟವು ಅಂತ ಬರೆದೆಯಲ್ಲ, ಅವತ್ತಿನಿಂದ ಅದೇ ಯೋಚನೆ. ಒಬ್ಬಳದೇ ರಕ್ತಕ್ಕೆ ಎರಡು ಹೆಸರು ಹಾಕಿದ್ದಕ್ಕೇ ಯಂತ್ರ ಕೆಟ್ಟಿತೇನೋ. ನಿನ್ನ ಕೆಲಸಕ್ಕೆ ನನ್ನಿಂದ ಕಳಂಕ ಬರಬಾರದು. ನನ್ನನ್ನು ಮನ್ನಿಸು.

ಕಾಯಿಲೆ ಬೆನ್ನುಮೂಳೆಗೆ ಹೋಗಿದೆ ಅಂತ ನೀನೇ ಓದಿದ್ದೀಯ. ವರ್ಷದ ಹಿಂದೆಯೇ ಬಂದಿದ್ದರೆ ಅಂತ ಡಾಕ್ಟರು ಅಂದರು, ಪೂರ್ತಿ ಹೇಳಲಿಲ್ಲ.

ಶಶಿರೇಖಾ


ಹೈದರಾಬಾದ್
17 ಜುಲೈ 2024

ಅತ್ತಿಗೆ,

ನಿಮ್ಮ ಕಾಗದ ತಲುಪಿತು. ಈಗ ನೀವು ಬೇರೆ ಯಾವುದನ್ನೂ ಯೋಚಿಸಬಾರದು. ಔಷಧಿಯ ಮೊದಲ ಸುತ್ತಿನ ನಂತರ ವಾಂತಿ ಬರಬಹುದು, ಕೂದಲು ಉದುರಬಹುದು, ಹೆದರಬೇಡಿ. ಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮೊಟ್ಟೆ, ಬೇಳೆ ಚೆನ್ನಾಗಿ ತಿನ್ನಿ. ಬೆಂಗಳೂರಿನ ಒಬ್ಬ ತಜ್ಞರಿಗೆ ರಿಪೋರ್ಟ್ ಕಳಿಸಿದ್ದೇನೆ. ಅವರೂ ಇದೇ ಚಿಕಿತ್ಸೆ ಸರಿ ಅಂದರು. ಖರ್ಚಿನ ಬಗ್ಗೆ ಅಣ್ಣನ ಹತ್ತಿರ ಮಾತಾಡಿದ್ದೇನೆ.

ಶಾಲಿನಿ


ವೈದ್ಯನಾಥಪುರ
11 ಆಗಸ್ಟ್ 2024

ಶಾಲು,

ಕೂದಲು ಹೋಯಿತು. ಅಂಗನವಾಡಿಯ ಮಕ್ಕಳು ಟೋಪಿ ನೋಡಿ ಪೊಲೀಸಮ್ಮ ಅನ್ನುತ್ತಿದ್ದಾರೆ. ವಾರಕ್ಕೊಂದೆರಡು ದಿನ ಹೋಗಿ ಕೂತು ಬರುತ್ತೇನೆ, ಮನೆಯಲ್ಲಿ ಕೂತರೆ ತಲೆ ಕೆಡುತ್ತದೆ.

ನಿನ್ನ ಕಾಗದ ಯಾವುದೋ ಆಸ್ಪತ್ರೆಯ ಚೀಟಿಯ ಹಾಗಿತ್ತು. ಟ್ಯೂಬಿನ ವಿಷಯಕ್ಕೆ ಒಂದು ಮಾತೂ ಇಲ್ಲ. ನಿನಗೆ ನನ್ನ ಮೇಲೆ ಕೋಪ ಬಂದಿದೆ, ಕಾಯಿಲೆಯವಳಿಗೆ ಬೈಯಬಾರದು ಅಂತ ನುಂಗಿಕೊಂಡಿದ್ದೀಯ. ಬೈದುಬಿಡು. ನೀನು ಬೈಯದೆ ಇರುವುದನ್ನು ನನ್ನ ಕೈಲಿ ತಡೆಯಲಾಗುತ್ತಿಲ್ಲ.

ನನ್ನಿಂದ ನಿನ್ನ ಲೇಖನ ಸುಳ್ಳಾಯಿತಾ? ಹಾಗಾಗಿದ್ದರೆ ಹೇಳು. ಈ ಸುತ್ತು ಮುಗಿದ ಮೇಲೆ ನಿಮ್ಮಣ್ಣನನ್ನು ಕರೆದುಕೊಂಡು ಹೈದರಾಬಾದಿಗೆ ಬಂದು ನಿನ್ನ ರಾಜೇಂದ್ರ ಸರ್ ಮುಂದೆ ನಿಂತು ಹೇಳುತ್ತೇನೆ. ಹುಡುಗಿ ತಪ್ಪು ಮಾಡಿಲ್ಲ ಸ್ವಾಮಿ, ಮನೆಯವಳೇ ಮೋಸ ಮಾಡಿದ್ದು ಅಂತ. ಭಾಷೆ ಬರದಿದ್ದರೆ ಕೈಮುಗಿಯಲು ಬರುತ್ತದೆ.

ಶಶಿರೇಖಾ


ಹೈದರಾಬಾದ್
1 ಸೆಪ್ಟೆಂಬರ್ 2024

ಅತ್ತಿಗೆ,

ಈ ಕಾಗದವನ್ನು ಮೊದಲು ನೀವೊಬ್ಬರೇ ಓದಿ.

ಕೈಮುಗಿಯುತ್ತೇನೆ ಅಂತ ನೀವು ಬರೆದಿದ್ದನ್ನು ಓದಿದ ಮೇಲೆ ಇನ್ನು ಸುಮ್ಮನಿದ್ದರೆ ನಾನು ಮನುಷ್ಯಳೇ ಅಲ್ಲ. ನೀವು ನನ್ನ ಕೆಲಸ ಕೆಡಿಸಲಿಲ್ಲ. ನಾನೇ ನಿಮ್ಮ ಬದುಕು ಕೆಡಿಸಿದೆ.

ಯಂತ್ರ ಕೆಟ್ಟಿರಲಿಲ್ಲ. ನಿಮ್ಮ ಮೈಸೂರಿನ ಕಾಗದ ಬಂದ ಮೇಲೆ ಹಳೆಯ ಪಟ್ಟಿ ತೆಗೆದು ನೋಡಿದೆ. ಬಿಟ್ಟ ಆ ಎರಡು ಟ್ಯೂಬುಗಳಲ್ಲಿ ಒಂದರ ಮೇಲೆ ನಿಮ್ಮ ವಯಸ್ಸು ಇತ್ತು, ಇನ್ನೊಂದರ ಮೇಲೆ ಅರವತ್ತೆಂಟು. ಎರಡರಲ್ಲೂ ಕ್ಯಾನ್ಸರ್ ಕಣ ಸಿಕ್ಕಿತ್ತು. ಅದನ್ನು ಅವತ್ತೇ ನಾನು ಕಣ್ಣಾರೆ ನೋಡಿದ್ದೆ. ಎರಡು ಟ್ಯೂಬಿನ ಕಣಗಳೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ಬೇರೆ ಬೇರೆ ಇಬ್ಬರು ಹೆಂಗಸರಲ್ಲಿ ಇಷ್ಟು ಒಂದೇ ತರಹ ಇರಲು ಸಾಧ್ಯವೇ ಇಲ್ಲ, ಯಾವುದೋ ರೋಗಿಯ ರಕ್ತ ನಳಿಕೆಯಲ್ಲಿ ಉಳಿದು ಎರಡಕ್ಕೂ ಬೆರೆತಿದೆ ಅಂತ ತೀರ್ಮಾನ ಮಾಡಿದೆ. ರಾಜೇಂದ್ರ ಸರ್ ಅನುಮಾನಪಟ್ಟರು. ಊರಿನ ಡಾಕ್ಟರಿಗೆ ಒಂದು ಮಾತು ತಿಳಿಸಿಬಿಡು ಅಂದರು. ನಾನೇ ಬೇಡ ಅಂದೆ. ನಮ್ಮ ಜನ ಸುಮ್ಮನೆ ಹೆದರುತ್ತಾರೆ ಸರ್, ಮುಂದೆ ಯಾರೂ ರಕ್ತ ಕೊಡುವುದಿಲ್ಲ ಅಂದೆ. ನಮ್ಮ ಜನ ಅಂತ ಹೇಳಿಯೇ ಅವರ ಬಾಯಿ ಮುಚ್ಚಿಸಿದೆ.

ಅದೊಂದೇ ಕಾರಣವಾಗಿದ್ದರೆ ಈಗ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಸೊನ್ನೆಯ ಸಾಲು ನೋಡಲು ಬಹಳ ಚೆನ್ನಾಗಿತ್ತು ಅತ್ತಿಗೆ. ಅದರ ನಡುವೆ ಆ ಎರಡು ಚುಕ್ಕೆ ನನಗೆ ಬೇಡವಾಗಿದ್ದವು. ನಿಮ್ಮ ಮೈಸೂರಿನ ಕಾಗದ ಓದಿದಾಗ ಎಲ್ಲ ತಿಳಿಯಿತು. ನೀವು ಮೋಸ ಅಂದುಕೊಂಡ ಎರಡನೇ ಟ್ಯೂಬು ಮೊದಲನೆಯದಕ್ಕೆ ಸಾಕ್ಷಿ ಹೇಳುತ್ತಿತ್ತು. ಅದೇ ಸಾಕ್ಷಿಯನ್ನು ಹಿಡಿದು ನಾನು ಎರಡನ್ನೂ ಸುಳ್ಳು ಮಾಡಿದೆ. ಒಂದೇ ಟ್ಯೂಬಿನಲ್ಲಿ ಸಿಕ್ಕಿದ್ದರೆ ವೀಣ ಅವರಿಗೆ ಖಂಡಿತ ಫೋನ್ ಮಾಡುತ್ತಿದ್ದೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಮಾಡುತ್ತಿದ್ದೆನಾ? ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ನಿಮ್ಮ ಪಕ್ಕ ಅತ್ತಾಗ ನನಗೆ ಇದು ಗೊತ್ತಿರಲಿಲ್ಲ, ಅಷ್ಟು ನಂಬಿ. ಆದರೆ ನಿಮ್ಮ ಕಾಗದ ಬಂದ ಮೇಲೆ ಗೊತ್ತಿದ್ದೂ ಮೊಟ್ಟೆ ತಿನ್ನಿ, ಬೇಳೆ ತಿನ್ನಿ ಅಂತ ಬರೆದೆ. ನೀವು ನನ್ನಲ್ಲಿ ಮನ್ನಿಸು ಅಂತ ಕೇಳಿದ್ದಿರಿ, ನಾನು ಅದನ್ನು ಹಾಗೇ ಇಟ್ಟುಕೊಂಡು ಕೂತಿದ್ದೆ.

ರಾಜೇಂದ್ರ ಸರ್‌ಗೆ ಎಲ್ಲ ಹೇಳಿದ್ದೇನೆ. ಲೇಖನ ಹಿಂದಕ್ಕೆ ಪಡೆಯುತ್ತಿದ್ದೇವೆ. ಕೆಲಸ ಉಳಿಯುತ್ತದೋ ಇಲ್ಲವೋ ಕಾಣೆ. ಕ್ಷಮಿಸಿ ಅಂತ ಮೇಲೆ ಬರೆದು ಹೊಡೆದುಹಾಕಿದ್ದೇನೆ, ಆ ಮಾತು ಕೇಳುವ ಮುಖ ನನಗಿಲ್ಲ.

ಶಾಲಿನಿ


ವೈದ್ಯನಾಥಪುರ
22 ಸೆಪ್ಟೆಂಬರ್ 2024

ಶಾಲಿನಿ,

ನಿನ್ನ ಕಾಗದ ಓದಿದ ದಿನ ಕೋಪ ತಡೆಯಲಾಗಲಿಲ್ಲ. ಒಂದು ಫೋನು. ಮದ್ದೂರಿಗೆ ಒಂದೇ ಒಂದು ಫೋನು ಮಾಡಲು ನಿನ್ನ ಕೈಗೆ ಏನಾಗಿತ್ತು? ಜಡೆ ಹಾಕಿ ಸ್ಕೂಲಿಗೆ ಕಳಿಸಿದವಳು ನಾನು. ಅಷ್ಟು ಓದಿಸಿದ್ದು ನಮ್ಮನ್ನು ಸೊನ್ನೆ ಅಂತ ಬರೆಯಲಿ ಅಂತಲಾ? ಇನ್ನೂ ಬರೆದಿದ್ದೆ, ಆ ಹಾಳೆಯನ್ನು ಒಲೆಗೆ ಹಾಕಿದೆ.

ನನ್ನ ತಪ್ಪು ನನಗೆ ಗೊತ್ತು. ಗಂಟು ಮುಚ್ಚಿಟ್ಟವಳು ನಾನು, ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ. ಅತ್ತೆಗೆ ಮಾತ್ರ ಆ ಎರಡನೇ ಟ್ಯೂಬಿನ ವಿಷಯ ಹೇಳಬೇಡ. ತಾವು ಸಂತೆಗೆ ಓಡಿದ್ದಕ್ಕೇ ಹೀಗಾಯಿತು ಅಂತ ತಿಳಿದರೆ ಆ ಜೀವ ತಡೆಯುವುದಿಲ್ಲ. ಈಗಲೂ ನನಗೆ ಮುದ್ದೆ ಕಲಸಿ ತಿನ್ನಿಸುವವರು ಅವರೇ.

ನಿನ್ನನ್ನು ಮನ್ನಿಸಿದ್ದೀನಾ ಅಂತ ಕೇಳಬೇಡ. ಕೆಲವು ದಿನ ಮನ್ನಿಸಿರುತ್ತೇನೆ, ಬೆನ್ನು ನೋಯುವ ದಿನ ಇಲ್ಲ. ಅದು ನಮ್ಮಿಬ್ಬರ ಮಾತು, ಆಮೇಲೆ ನೋಡೋಣ. ಈಗ ಬರೆಯುತ್ತಿರುವುದು ಬೇರೆ ವಿಷಯಕ್ಕೆ.

ಹೋದ ವಾರ ಮದ್ದೂರಿನಿಂದ ಡಾಕ್ಟರ್ ವೀಣ ಬಂದಿದ್ದರು, ಎದೆ ಪರೀಕ್ಷೆಗೆ ಹೆಂಗಸರನ್ನು ಕರೆಯಲು. ನನ್ನ ಕಥೆ ಗೊತ್ತಾದ ಮೇಲೆ ಎಲ್ಲರೂ ಸಾಲು ನಿಲ್ಲುತ್ತಾರೆ ಅಂದುಕೊಂಡೆ. ಒಬ್ಬರೂ ಹೋಗಲಿಲ್ಲ. ರೇವಮ್ಮನಿಗೆ ಆರು ತಿಂಗಳಿಂದ ಏನೋ ತೊಂದರೆ ಇದೆ, ನನಗೆ ಮಾತ್ರ ಹೇಳಿದ್ದಾಳೆ. ಅವಳ ಕೈ ಹಿಡಿದು ಎಳೆದೆ. ಕೈ ಬಿಡಿಸಿಕೊಂಡು, "ನಮ್ ಶಾಲಿನಿ ಆಗ್ಲೇ ಮಿಸನ್ನಲ್ಲಿ ನೋಡವ್ಳಲ್ಲಮ್ಮಿ, ನಂಗೇನೂ ಇಲ್ವಂತೆ. ನಿಂಗೆ ಆಮೇಲ್ ಬಂದದ್ದು ಕಣ ಬುಡು" ಅಂದಳು. ಏನಂತ ಹೇಳಲಿ? ಯಾರಿಗೂ ಏನೂ ಇಲ್ಲ ಅಂತ ಪಾಯಸ ಕೊಟ್ಟು ಮನೆಮನೆಗೆ ಹೇಳಿಬಂದವಳು ನಾನೇ. ನನಗೆ ಎಷ್ಟು ನಾಚಿಕೆಯಾಯಿತು ಅಂದರೆ, ಆ ಗಂಟು ತೋರಿಸುವಾಗಲೂ ಅಷ್ಟಾಗಿರಲಿಲ್ಲ.

ಲೇಖನ ಹಿಂದಕ್ಕೆ ಪಡೆದೆ ಅಂತ ಬರೆದಿದ್ದೀಯ. ಅದನ್ನು ಓದುವವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ಇಲ್ಲಿ ಕೊಟ್ಟ ಮಾತನ್ನು ಇಲ್ಲೇ ಬಂದು ಹಿಂದಕ್ಕೆ ಪಡೆಯಬೇಕು. ರಜೆ ಹಾಕಿ ಬಾ. ಕೆಲಸ ಹೋಗಿದ್ದರೆ ಇನ್ನೂ ಬೇಗ ಬಾ. ನನ್ನ ಮುಂದಿನ ಸುತ್ತಿಗೆ ಮೊದಲು ಬಂದರೆ ನಡೆದಾಡಲು ನನಗೆ ಶಕ್ತಿ ಇರುತ್ತದೆ. ಬೀದಿಯ ಒಂದೊಂದು ಮನೆಗೂ ಹೋಗೋಣ. ನಾನು ಜೊತೆಗೆ ಬರುತ್ತೇನೆ, ಬಾಗಿಲನ್ನೂ ನಾನೇ ತಟ್ಟುತ್ತೇನೆ. ಮಾತು ಮಾತ್ರ ನೀನೇ ಆಡಬೇಕು.

ಮೊದಲನೇ ಮನೆ ನಮ್ಮದೇ. ನಿಮ್ಮಣ್ಣನಿಗೆ ನಾನಿನ್ನೂ ಏನೂ ಹೇಳಿಲ್ಲ.

ಶಶಿರೇಖಾ